ಸ್ವಿಚ್ ಆರಿಸಿದರೂ ಮಿಣುಕುವ ದೀಪ

ರಾತ್ರಿ ಸ್ವಿಚ್ ಆರಿಸಿದ ಮೇಲೂ ಚಾವಣಿಯ ಎಲ್‌ಇಡಿ ದೀಪ ಮಂಕಾಗಿ ಉರಿಯುತ್ತಲೇ ಇರುತ್ತದೆ, ಇಲ್ಲವೇ ಕೆಲವು ಸೆಕೆಂಡಿಗೊಮ್ಮೆ ಮಿಂಚಿ ಮಾಯವಾಗುತ್ತದೆ. ಬಲ್ಬ್ ಕೆಟ್ಟಿರಬೇಕೆಂದು ಹೊಸದನ್ನು ತಂದು ಹಾಕಿದರೆ ಅದೂ ಹಾಗೇ. ಕೊನೆಗೆ ಬೇರೆ ಕಂಪನಿಯ ಬಲ್ಬಿನಲ್ಲಿ ಮಿಣುಕು ನಿಂತರೆ ತೊಂದರೆ ಮುಗಿಯಿತೆಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅಲ್ಲಿಗೆ ಮುಗಿಸುವುದು ತಪ್ಪು ಎಂಬುದು ನನ್ನ ವಾದ. ಮಿಣುಕನ್ನು ಅಡಗಿಸುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಬೇಕು. ಫೇಸ್ ತಂತಿಯಲ್ಲಿ ಇರಬೇಕಾದ ಸ್ವಿಚ್ಚನ್ನು ನ್ಯೂಟ್ರಲ್ ತಂತಿಯಲ್ಲಿ ಕೂರಿಸಿರುವುದು ಇದರ ಸಾಮಾನ್ಯ ಕಾರಣಗಳಲ್ಲಿ ಒಂದು, ಮತ್ತು ಅದು ಪ್ರಾಣಕ್ಕೆ ಎರವಾಗಬಲ್ಲ ದೋಷ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್. ದೀಪಕ್ಕೆ ಹೋಗುವ ಎರಡು ತಂತಿಗಳಲ್ಲಿ ಫೇಸ್‌ನಲ್ಲಿ ಒತ್ತಡವಿರುತ್ತದೆ; ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಸೇರಿರುತ್ತದೆ. ಯಾವ ತಂತಿಯನ್ನು ಕಡಿದರೂ ದೀಪ ಆರುತ್ತದೆ, ಮೋಸವಾಗುವುದೂ ಇಲ್ಲೇ. ಫೇಸ್ ಕಡಿದರೆ ದೀಪದವರೆಗಿನ ತಂತಿಯಲ್ಲಿ ಒತ್ತಡವೇ ಉಳಿಯುವುದಿಲ್ಲ. ನ್ಯೂಟ್ರಲ್ ಕಡಿದರೆ ದೀಪ ಆರಿದರೂ ಹೋಲ್ಡರಿನ ಪಿನ್ನಿನವರೆಗೆ, ದೀಪದ ಒಳಗಿನವರೆಗೆ, 230 ವೋಲ್ಟ್ ಹಗಲೂ ರಾತ್ರಿ ಕಾದು ನಿಂತಿರುತ್ತದೆ. ಎಲ್‌ಇಡಿ ಚಿಪ್ಪುಗಳನ್ನು ಕೂರಿಸಿದ ಅಲ್ಯೂಮಿನಿಯಂ ತಟ್ಟೆಯ ಮೂಲಕವೂ ಸುತ್ತಲಿನ ತಂತಿ, ಗೋಡೆಗಳ ಮೂಲಕವೂ ಮೈಕ್ರೋ ಆಂಪಿಯರ್ ಲೆಕ್ಕದ ವಿದ್ಯುತ್ ಸೋರಿ ಭೂಮಿಗೆ ದಾರಿ ಹುಡುಕಿಕೊಳ್ಳುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕಾಣುವಷ್ಟು ಬೆಳಕು ಕೊಡಲು ಎಲ್‌ಇಡಿಗೆ ಅಷ್ಟು ಸಾಕು.

“ಮೂವತ್ತು ವರ್ಷ ಇದೇ ವೈರಿಂಗ್ ಇತ್ತು, ಯಾವ ತೊಂದರೆಯೂ ಆಗಿರಲಿಲ್ಲ” ಎನ್ನುವವರಿದ್ದಾರೆ. ತೊಂದರೆ ಆಗಲೂ ಇತ್ತು, ಕಾಣುತ್ತಿರಲಿಲ್ಲ. 60 ವಾಟಿನ ಹಳೆಯ ಬಲ್ಬು ಉರಿಯುವಾಗ ಸುಮಾರು ಕಾಲು ಆಂಪಿಯರ್ ಎಳೆಯುತ್ತಿತ್ತು. ಅದರ ತಂತು ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಮಾತ್ರ ಬೆಳ್ಳಗೆ ಬೆಳಗುತ್ತಿತ್ತು; ಮೈಕ್ರೋ ಆಂಪಿಯರ್‌ಗಳಿಗೆ ಅದು ಬೆಚ್ಚಗೂ ಆಗುವುದಿಲ್ಲ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯ ಮೂಲಕ ಕೋಟಿಗಟ್ಟಲೆ ಎಲ್‌ಇಡಿ ಬಲ್ಬುಗಳು ಮನೆಗಳಿಗೆ ಬಂದವು. ಗೋಡೆಯೊಳಗಿನ ತಂತಿಗಳು ಹಳೆಯವೇ ಉಳಿದವು. ಹಾಗಾಗಿ ಹಳೆಯ ತಪ್ಪುಗಳು ಈಗ ಬೆಳಕಿಗೆ ಬರುತ್ತಿವೆ, ಅದೂ ಒಂದು ಪೈಸೆ ಖರ್ಚಿಲ್ಲದೆ. ಇಂಥ ಎಚ್ಚರಿಕೆಯನ್ನು ಬಲ್ಬಿನ ಕಂಪನಿ ಬದಲಿಸಿ ಮುಚ್ಚಿಹಾಕುವುದು ನನಗೆ ಸಹಿಸಲಾಗದ ಸಂಗತಿ.

ಅಪಾಯ ಎದುರಾಗುವುದು ದೀಪ ಬದಲಿಸುವಾಗ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಎರಡು ಪಿನ್ನಿನ ಹೋಲ್ಡರಿನಲ್ಲಿ ಬಲ್ಬ್ ತೆಗೆದೊಡನೆ ಪಿನ್ನುಗಳು ಬೆರಳಿಗೆ ಸಿಗುತ್ತವೆ. ಸ್ವಿಚ್ ಆರಿಸಿದ್ದೇನೆಂಬ ನಂಬಿಕೆಯಲ್ಲೇ ಜನ ಕಬ್ಬಿಣದ ಸ್ಟೂಲ್ ಹತ್ತುತ್ತಾರೆ, ಒಂದು ಕೈ ಗೋಡೆಗೆ ಕೊಡುತ್ತಾರೆ. ಸಣ್ಣ ಹೊಡೆತವಾದರೂ ಅಷ್ಟೆತ್ತರದಿಂದ ಬಿದ್ದರೆ ತಲೆಗೋ ಸೊಂಟಕ್ಕೋ ಪೆಟ್ಟು ತಪ್ಪಿದ್ದಲ್ಲ. ಇದಕ್ಕಾಗಿಯೇ 1956ರ ಭಾರತೀಯ ವಿದ್ಯುತ್ ನಿಯಮಗಳ 32ನೇ ನಿಯಮ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಜೋಡಿ ಸ್ವಿಚ್ಚಿನ ಹೊರತು, ನ್ಯೂಟ್ರಲ್ ತಂತಿಯಲ್ಲಿ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಕೂಡದೆಂದು ಹೇಳಿತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ತಂದ ಸುರಕ್ಷತಾ ನಿಯಮಗಳಲ್ಲೂ ಅದು ಉಳಿಯಿತು.

ಪ್ರತಿ ಮಿಣುಕೂ ಈ ದೋಷದ ಗುರುತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಲ್ಲ. ಸ್ವಿಚ್ಚಿನಲ್ಲೇ ಪುಟ್ಟ ಇಂಡಿಕೇಟರ್ ದೀಪವಿದ್ದರೆ, ಅದರ ಮೂಲಕ ಹರಿಯುವ ಅಲ್ಪ ವಿದ್ಯುತ್ತು ಬಲ್ಬಿನೊಳಗಿನ ಕೆಪಾಸಿಟರಿನಲ್ಲಿ ಸಂಗ್ರಹವಾಗಿ, ತುಂಬಿದಾಗ ಒಮ್ಮೆ ಮಿಂಚಿ ಖಾಲಿಯಾಗುತ್ತದೆ. ಮೆಟ್ಟಿಲ ದೀಪದ ಟೂ ವೇ ವೈರಿಂಗಿನಲ್ಲಿ ಉದ್ದಕ್ಕೂ ಜೊತೆಯಾಗಿ ಸಾಗುವ ತಂತಿಗಳ ನಡುವಿನ ಪ್ರಭಾವವೂ ಇದನ್ನೇ ಮಾಡುತ್ತದೆ. ವೈರಿಂಗ್ ಸರಿಯಿದ್ದು ಕಾರಣ ಇವೇ ಆಗಿದ್ದರೆ, ದೀಪಕ್ಕೆ ಸಮಾನಾಂತರವಾಗಿ ಎಕ್ಸ್2 ದರ್ಜೆಯ ಸಣ್ಣ ಕೆಪಾಸಿಟರ್ ಜೋಡಿಸಿದರೆ ಸಾಕು. ನ್ಯೂಟ್ರಲ್ ಕಡಿದಿರುವ ಕಡೆ ಅದೇ ಕೆಪಾಸಿಟರ್ ಹಾಕಿದರೆ ಮಿಣುಕು ನಿಂತರೂ ನಿಂತೀತು, ಅಪಾಯ ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಪರೀಕ್ಷೆ ಮೊದಲು, ಮದ್ದು ಆಮೇಲೆ. ಪರೀಕ್ಷೆಗೆ ಟೆಸ್ಟರ್ ಒಂದನ್ನೇ ನಂಬುವಂತಿಲ್ಲ; ಪಕ್ಕದ ತಂತಿಯ ಪ್ರಭಾವಕ್ಕೂ ಅದು ಮಿನುಗಬಹುದು, ಮಿನುಗಲಿಲ್ಲವೆಂದ ಮಾತ್ರಕ್ಕೆ ತಂತಿ ಸುರಕ್ಷಿತವೂ ಅಲ್ಲ. ಸ್ವಿಚ್ ಆರಿಸಿದ ಸ್ಥಿತಿಯಲ್ಲಿ ಹೋಲ್ಡರಿನ ಪ್ರತಿ ಪಿನ್ನಿಗೂ ಅರ್ತಿಂಗಿಗೂ ನಡುವೆ ಮಲ್ಟಿಮೀಟರಿನಲ್ಲಿ ಅಳೆಯಬೇಕು. 230ರ ಆಸುಪಾಸು ತೋರಿಸಿದರೆ ದೋಷ ಬಹುತೇಕ ಖಚಿತ. ಇದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಆದರೆ ಏನನ್ನು ಅಳೆಯಬೇಕೆಂದು ಮನೆಯವರಿಗೆ ಗೊತ್ತಿದ್ದರೆ, ಅವರು ಅದನ್ನು ಕೇಳಿ ಮಾಡಿಸಿಕೊಳ್ಳಬಹುದು.

ಸರಿಪಡಿಸುವಾಗ ಅವಸರ ಕೂಡದು. ಒಂದೇ ದೀಪದಲ್ಲಿ ತಪ್ಪಿದ್ದರೆ ಅದು ಆ ಸ್ವಿಚ್‌ಬೋರ್ಡಿನಲ್ಲೋ ಸೀಲಿಂಗ್ ರೋಸಿನಲ್ಲೋ ಇರುತ್ತದೆ. ಎಲ್ಲ ದೀಪಗಳಲ್ಲೂ ಕಂಡರೆ ಮೀಟರಿನ ಬಳಿಯೋ, ಇನ್ವರ್ಟರ್ ಜೋಡಿಸಿದ ಕಡೆಯೋ, ಕಂಬದಿಂದ ಬರುವ ತಂತಿ ದುರಸ್ತಿಯಾದಾಗಲೋ ಎರಡು ತಂತಿ ಅದಲುಬದಲಾಗಿರಬಹುದು. ದೀಪಗಳಿಗಾಗಿ ಎಂಸಿಬಿ ಪೆಟ್ಟಿಗೆಯಲ್ಲೇ ತಂತಿ ತಿರುಗಿಸಿಬಿಡುವ ಸುಲಭದ ದಾರಿಯನ್ನು ಕೆಲವರು ಹಿಡಿಯುತ್ತಾರೆ. ಆಗ ಅದೇ ಸರ್ಕ್ಯೂಟಿನಲ್ಲಿ ಸರಿಯಾಗಿದ್ದ ಸಾಕೆಟ್ಟುಗಳು ತಲೆಕೆಳಗಾಗುತ್ತವೆ. ಅರ್ತಿಂಗಿನ ದಪ್ಪ ತೂತು ಮೇಲಿರುವಂತೆ ಎದುರು ನಿಂತು ನೋಡಿದರೆ ಫೇಸ್ ಬಲಗಡೆಯ ತೂತಿನಲ್ಲಿ ಇರಬೇಕು. ತಂತಿ ತಿರುಗಿಸಿದ ಮೇಲೆ ಆ ಸರ್ಕ್ಯೂಟಿನ ಪ್ರತಿ ಸಾಕೆಟ್ಟಿನಲ್ಲೂ ಇದನ್ನು ಅಳೆದು ತೋರಿಸಿದ ನಂತರವೇ ಎಲೆಕ್ಟ್ರಿಷಿಯನ್ನಿಗೆ ಕೂಲಿ ಕೊಡಿ.