ಅಜ್ಜಿ ನಕ್ಕಾಗ ವಿಡಿಯೊ ನಿಲ್ಲಿಸಿ!

ಟೆಕ್ಸಸ್‌ನ ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದಲ್ಲಿ ಪೂಜೆ, ಆಮೇಲೆ ಮನೆಯಲ್ಲಿ ಮಗುವಿನ ಅನ್ನಪ್ರಾಶನ. ಶಿವಮೊಗ್ಗದಿಂದ ಅಜ್ಜಿ, ಆಸ್ಟಿನ್‌ನಿಂದ ಸೋದರಮಾವ. ಹತ್ತು ವರ್ಷ ಬಿಟ್ಟು ವಿಡಿಯೊ ನೋಡಿದ ಮಗು 'ಇವರ್ಯಾರು?' ಅನ್ನದೇ ಇರುತ್ತಾ? ಅದಕ್ಕೇ ಫ್ರೀಜ್ ಫ್ರೇಮ್: ಚಿತ್ರ ಗಕ್ಕನೆ ನಿಲ್ಲುತ್ತೆ, ಪಕ್ಕದಲ್ಲಿ ಹೆಸರು ಮೂಡುತ್ತೆ.

ಹಳೇ ವಿದ್ಯೆ ಇದು. ಫ್ರಾನ್ಸಿನ ನಿರ್ದೇಶಕ ತ್ರೂಫೋ 1959ರಲ್ಲೇ 'ದಿ 400 ಬ್ಲೋಸ್' ಚಿತ್ರವನ್ನು ಹುಡುಗನ ಮುಖದ ಮೇಲೆ ಹೀಗೇ ನಿಲ್ಲಿಸಿ ಮುಗಿಸಿದ್ದರು.

ಫ್ರೇಮ್ ಆರಿಸೋದೇ ದೊಡ್ಡ ಕೆಲಸ, ಆತುರ ಬೇಡ. ಸೆಕೆಂಡಿಗೆ 30 ಫ್ರೇಮ್ ಅಂದುಕೊಳ್ಳಿ. ಅವುಗಳಲ್ಲಿ ಕೈ ಬೀಸಿದ್ದು ಮಸುಕು, ರೆಪ್ಪೆ ಬಡಿದದ್ದು ನಿದ್ದೆಗಣ್ಣು. ಟೈಮ್‌ಲೈನ್ ಹಿಗ್ಗಿಸಿ, ಒಂದೊಂದೇ ಫ್ರೇಮ್ ಸರಿಸಿ. ತುತ್ತು ಮಗುವಿನ ತುಟಿ ಮುಟ್ಟೋ ಮುಂಚಿನ ಆ ಚೂರು ಹೊತ್ತಿನಲ್ಲಿ ಹುಡುಕಿ.

ಐಫೋನಿನ ಐಮೂವಿಯಲ್ಲಿ ಕ್ಲಿಪ್ ಮುಟ್ಟಿ, ಸ್ಪೀಡ್‌ಗೆ ಹೋಗಿ, ಫ್ರೀಜ್ ಒತ್ತಿ. ಕ್ಯಾಪ್‌ಕಟ್‌ನಲ್ಲೂ ಫ್ರೀಜ್ ಇದೆ. 2-3 ಸೆಕೆಂಡ್ ಸಾಕು. ಜಾಸ್ತಿಯಾದರೆ ಫೋನ್ ಹ್ಯಾಂಗ್ ಆಯ್ತು ಅಂದುಕೊಳ್ತಾರೆ.

ಇನ್ನೂ ಮಜಾ ಬೇಕಾ? ಕ್ಯಾಪ್‌ಕಟ್‌ನಲ್ಲಿ ನಿಂತ ಫ್ರೇಮಿನ ನಕಲು ಮೇಲಿನ ಲೇಯರ್‌ಗೆ ಹಾಕಿ, ಅದರ ಬ್ಯಾಕ್‌ಗ್ರೌಂಡ್ ತೆಗೆಯಿರಿ. ಕೆಳಗಿನದನ್ನು ಕಪ್ಪು-ಬಿಳುಪು ಮಾಡಿ. ಮನೆಯೆಲ್ಲ ಬೂದು, ಇಳಕಲ್ ಸೀರೆಯುಟ್ಟ ಅಜ್ಜಿಗೆ ಮಾತ್ರ ಬಣ್ಣ!

ಹೆಸರಿಗೆ ಬಲೂ ತಮ್ಮ ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ. ಒತ್ತಕ್ಷರ ಒಡೆದಿಲ್ಲ ತಾನೇ, ನೋಡಿಕೊಳ್ಳಿ.

ಕೊನೆಗೆ ಸದ್ದು. ಚಿತ್ರ ನಿಂತಾಗ ಕ್ಲಿಪ್ಪಿನ ದನಿಯೂ ನಿಲ್ಲುತ್ತೆ. ನಾದಸ್ವರವನ್ನು ಬೇರೆ ಟ್ರ್ಯಾಕಿನಲ್ಲಿ ಬಿಡದೆ ಹರಿಸಿ. ಚಿತ್ರ ನಿಲ್ಲೋವಾಗ ಹಾಕೋ ಕ್ಯಾಮೆರಾ 'ಕ್ಲಿಕ್' ಸದ್ದು ಮಾತ್ರ ಪ್ರತಿಯೊಬ್ಬರಿಗೂ ಬೇಡ ಮಾರಾಯ್ರೆ!