ಮಕ್ಕಳ ನ್ಯಾಯಪೀಠ

ಸ್ವಾತಂತ್ರ್ಯ, ಸಮಾನತೆ, ನ್ಯಾಯ — ಈ ಮಾತುಗಳ ಅರ್ಥವನ್ನು ಬರೆಯಿರೆಂದು ಪ್ರಶ್ನಪತ್ರಿಕೆಯಲ್ಲಿ ಕೇಳಿದರೆ ನಮ್ಮ ಮಕ್ಕಳು ತಡವರಿಸುವುದಿಲ್ಲ. ಸಂವಿಧಾನದ ಪೀಠಿಕೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸುವ ಹುಡುಗರನ್ನು ನಾನು ಅನೇಕ ಶಾಲೆಗಳಲ್ಲಿ ಕಂಡಿದ್ದೇನೆ. ಆದರೆ ಅದೇ ಹುಡುಗನು ತಾನು ಮಾಡದ ತಪ್ಪಿಗೆ ಬೈಗುಳ ತಿಂದ ದಿನ, ಹೋಗಿ ದೂರು ಹೇಳಿಕೊಳ್ಳಲು ಆ ಶಾಲೆಯಲ್ಲಿ ಒಂದು ಸ್ಥಳವುಂಟೇ? ಇಲ್ಲವಾದರೆ ಅವನು ಕಲಿತ ಪಾಠವಾವುದು ಎಂಬುದನ್ನು ನಾವು ಯೋಚಿಸಬೇಕು.

ನ್ಯಾಯವೆಂಬುದು ಮಕ್ಕಳಲ್ಲಿ ನಾವು ಹೊರಗಿನಿಂದ ತಂದು ತುಂಬಬೇಕಾದ ಸರಕಲ್ಲ. ಒಂದು ಹೋಳಿಗೆಯನ್ನು ಎರಡು ಮಾಡಿ ಅಣ್ಣತಮ್ಮಂದಿರ ಕೈಗಿತ್ತು ನೋಡಿರಿ. ಯಾರ ಪಾಲು ಕಿರಿದೆಂಬುದನ್ನು ಚಿಕ್ಕವನೂ ತಕ್ಕಡಿಯಿಲ್ಲದೆ ಹೇಳಿಯಾನು. ಗೋಲಿಯಾಟದಲ್ಲಿ ಸರದಿ ತಪ್ಪಿಸಿದವನನ್ನು ಜೊತೆಯವರು ಕ್ಷಣಮಾತ್ರವೂ ಸಹಿಸುವುದಿಲ್ಲ. ಆದರೆ ಈ ಸಹಜಬುದ್ಧಿ ಬಹುಮಟ್ಟಿಗೆ ‘ನನಗೆ ಅನ್ಯಾಯವಾಯಿತು’ ಎಂಬಲ್ಲಿಗೆ ನಿಂತುಬಿಡುತ್ತದೆ. ‘ನನ್ನಿಂದ ಇನ್ನೊಬ್ಬನಿಗೆ ಅನ್ಯಾಯವಾಯಿತು’ ಎಂಬ ಮುಂದಿನ ಮೆಟ್ಟಿಲನ್ನು ಹತ್ತಿಸುವುದೇ ಶಿಕ್ಷಣದ ಕೆಲಸ. ಅದು ಬರಿಯ ಉಪದೇಶದಿಂದ ಆಗತಕ್ಕದ್ದೆಂದು ನನಗೆ ತೋರುವುದಿಲ್ಲ. ಈ ವಿಚಾರದಲ್ಲಿ ನಾನು ಮತ್ತೆ ಮತ್ತೆ ನೆನೆಯುವ ಹೆಸರು ಪೋಲೆಂಡಿನ ಯಾನುಷ್ ಕೊರ್ಚಾಕನದು.

ಈತ ವೃತ್ತಿಯಿಂದ ವೈದ್ಯ. ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಶ್ಮಿಟ್. ೧೯೧೨ರಲ್ಲಿ ವಾರ್ಸಾ ನಗರದ ಕ್ರೊಖ್ಮಾಲ್ನಾ ಬೀದಿಯಲ್ಲಿ ಯೆಹೂದಿ ಅನಾಥ ಮಕ್ಕಳಿಗಾಗಿ ತೆರೆದ ಮನೆಯೊಂದರ ಹೊಣೆಯನ್ನು ಹೊತ್ತು, ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬಾಕೆಯೊಡನೆ ಅದನ್ನು ನಡೆಸಿದ. ಆ ಮನೆಯ ವಿಶೇಷವೆಂದರೆ ಅಲ್ಲಿದ್ದ ಮಕ್ಕಳ ನ್ಯಾಯಾಲಯ. ಯಾವ ಮಗುವೂ ಯಾರ ಮೇಲೂ ದೂರು ಬರೆಯಿಸಬಹುದಾಗಿತ್ತು. ದೊಡ್ಡವರೂ ಇದಕ್ಕೆ ಹೊರತಲ್ಲ. ಆ ವಾರ ತನ್ನ ಮೇಲೆ ಯಾವ ದೂರೂ ಇಲ್ಲದ ಮಕ್ಕಳಿಂದ ಚೀಟಿಯೆತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಆರಿಸುತ್ತಿದ್ದರು. ಕಾರ್ಯದರ್ಶಿಯಾಗಿ ಕುಳಿತ ಹಿರಿಯರಿಗೆ ಮತವಿರಲಿಲ್ಲ.

ಕೊರ್ಚಾಕ್ ರಚಿಸಿದ ಕಾನೂನು ಸಂಹಿತೆ ಇನ್ನೂ ಕುತೂಹಲಕರವಾದುದು. ಅದರ ಮೊದಲ ೯೯ ಕಲಮುಗಳಲ್ಲಿ ಶಿಕ್ಷೆಯ ಮಾತೇ ಇಲ್ಲ; ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ದೂರನ್ನು ಕೈಬಿಡುವ, ಕ್ಷಮಿಸುವ ಕಲಮುಗಳು. ತಿಳಿಯದೆ ಮಾಡಿದ, ಪಶ್ಚಾತ್ತಾಪ ಪಟ್ಟಿದ್ದಾನೆ, ಇನ್ನು ಮಾಡಲಾರ — ಹೀಗೆ ಕ್ಷಮೆಗೆ ಎಷ್ಟು ಕಾರಣಗಳುಂಟೋ ಅಷ್ಟನ್ನೂ ಮಕ್ಕಳು ಮೊದಲು ತಡಕಿ ನೋಡಬೇಕು. ನೂರನೆಯ ಕಲಮಿನಿಂದ ಮಾತ್ರವೇ ಖಂಡನೆಯ ಆರಂಭ. ಕಟ್ಟಕಡೆಯದು ೧೦೦೦ನೆಯದು, ಅದರಂತೆ ಅಪರಾಧಿಯನ್ನು ಮನೆಯಿಂದ ಹೊರಗೆ ಕಳುಹಿಸಬಹುದು. ನ್ಯಾಯವೆಂದರೆ ದಂಡಿಸುವುದೆಂದೇ ಬಗೆಯುವ ನಮಗೆ ಈ ಕಲಮುಗಳ ಏರ್ಪಾಡೇ ಒಂದು ಪಾಠ.

ಅರ್ಧ ವರ್ಷದಲ್ಲಿ ಕೊರ್ಚಾಕ್ ಐದು ಸಲ ಈ ಪೀಠದ ಮುಂದೆ ನಿಂತ. ಒಮ್ಮೆ ಒಬ್ಬ ಹುಡುಗನ ಕಿವಿಗೆ ಹೊಡೆದುದಕ್ಕೆ. ಇನ್ನೊಮ್ಮೆ ಒಬ್ಬ ಹುಡುಗಿಯನ್ನು ಕಳವಿನ ವಿಷಯದಲ್ಲಿ ಶಂಕಿಸಿದುದಕ್ಕೆ. ಮಕ್ಕಳು ಕ್ಷಮೆಯ ಕಲಮುಗಳನ್ನೇ ಅವನಿಗೂ ಅನ್ವಯಿಸಿದರು. ತಾನು ಒಳ್ಳೆಯ ಶಿಕ್ಷಕನಾಗುವುದಕ್ಕೆ ಈ ವಿಚಾರಣೆಗಳೇ ತಳಹದಿಯೆಂದು ಆತ ಬರೆದಿದ್ದಾನೆ.

ಈ ಪ್ರಯೋಗ ಸಲೀಸಾಗಿ ನಡೆಯಿತೆಂದು ವಾಚಕರು ಭಾವಿಸಬಾರದು. ಮಕ್ಕಳು ನ್ಯಾಯಾಲಯವನ್ನು ಹಗುರವಾಗಿ ಕಂಡದ್ದೂ ಉಂಟು. ಕೊರ್ಚಾಕನೇ ಅದನ್ನು ಕೆಲಕಾಲ ನಿಲ್ಲಿಸಿ, ತಿದ್ದಿ, ಮತ್ತೆ ಆರಂಭಿಸಿದ್ದೂ ಉಂಟು. ಅವನ ‘ಒಂದನೆಯ ರಾಜ ಮಾಚೂಷ್’ ಎಂಬ ಮಕ್ಕಳ ಕಾದಂಬರಿಯಲ್ಲಿ ಬಾಲರಾಜನೊಬ್ಬ ಮಕ್ಕಳಿಗೆ ಸಂಸತ್ತನ್ನು ಕೊಟ್ಟು ರಾಜ್ಯವನ್ನೇ ಕಳೆದುಕೊಳ್ಳುತ್ತಾನೆ. ಅಧಿಕಾರವನ್ನು ಒಮ್ಮೆಲೆ ಸುರಿದುಬಿಟ್ಟರೆ ಸಾಲದು, ಅಭ್ಯಾಸ ಬೇಕು ಎಂಬುದನ್ನು ಬಲ್ಲವನ ಕೃತಿ ಅದು.

೧೯೪೨ರ ಜುಲೈ ೧೮ರಂದು, ನಾಜಿಗಳು ಗೋಡೆಯೆಬ್ಬಿಸಿ ಬಂಧಿಸಿದ್ದ ವಾರ್ಸಾದ ಯೆಹೂದಿ ಕೇರಿಯಲ್ಲಿ, ಈ ಮಕ್ಕಳು ನಮ್ಮ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನಾಡಿದರು. ಕಿಟಕಿಯ ಬಳಿ ಕುಳಿತು ಹೊರಲೋಕಕ್ಕಾಗಿ ಹಂಬಲಿಸುವ ರೋಗಿ ಬಾಲಕ ಅಮಲನ ಕಥೆಯದು. ಮುಂದಿನ ತಿಂಗಳ ಮೊದಲ ವಾರದಲ್ಲಿ ಸುಮಾರು ೨೦೦ ಮಕ್ಕಳನ್ನು ಟ್ರೆಬ್ಲಿಂಕಾದ ಮೃತ್ಯುಶಿಬಿರಕ್ಕೆ ಸಾಗಿಸಲಾಯಿತು. ಪಾರಾಗುವ ಅವಕಾಶವನ್ನು ನಿರಾಕರಿಸಿದ್ದ ಕೊರ್ಚಾಕ್ ಅವರೊಡನೆಯೇ ನಡೆದ, ಸ್ಟೆಫಾನಿಯಾ ಕೂಡ.

ಮಕ್ಕಳ ಹಕ್ಕುಗಳಿಗೆ ಅಂತರರಾಷ್ಟ್ರೀಯ ಒಡಂಬಡಿಕೆ ಬೇಕೆಂದು ೧೯೭೮ರಲ್ಲಿ ವಿಶ್ವಸಂಸ್ಥೆಯ ಮುಂದೆ ಸೂಚಿಸಿದ ದೇಶ ಪೋಲೆಂಡೇ. ೧೯೮೯ರ ನವೆಂಬರ್ ೨೦ರಂದು ಅದು ಅಂಗೀಕೃತವಾಯಿತು. ೧೯೯೨ರಲ್ಲಿ ಭಾರತವೂ ಸೇರಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯಕ್ಕೆ ಬೆಲೆಯಿರಬೇಕೆಂದು ಅದರ ೧೨ನೆಯ ವಿಧಿ ಹೇಳುತ್ತದೆ. ನಮ್ಮ ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಮಕ್ಕಳು ಎದ್ದುನಿಂತು ಶೌಚಾಲಯ, ಕುಡಿಯುವ ನೀರು, ಶಾಲೆಯ ದಾರಿಗಳ ಬಗ್ಗೆ ಕೇಳುತ್ತಾರೆ.

ಹೀಗೆ ಕೇಳಲು ಬಿಟ್ಟರೆ ಗುರುಗಳ ಗೌರವ ಉಳಿಯುವುದೇ ಎಂದು ಅನುಭವಿಗಳಾದ ಉಪಾಧ್ಯಾಯರೇ ಶಂಕಿಸುತ್ತಾರೆ. ಈ ಶಂಕೆಯನ್ನು ನಾನು ತಳ್ಳಿಹಾಕಲಾರೆ. ಅರವತ್ತು ಮಕ್ಕಳಿರುವ ತರಗತಿಯ ಕಷ್ಟ ಅಲ್ಲಿ ನಿಂತವರಿಗೇ ಗೊತ್ತು. ಆದರೂ ವಾರಕ್ಕೆ ಒಂದು ಗಂಟೆ, ಮಕ್ಕಳ ದೂರುಗಳನ್ನು ಮಕ್ಕಳೇ ಕುಳಿತು ವಿಚಾರಿಸಲಿ. ಉಪಾಧ್ಯಾಯರ ಮೇಲಿನ ದೂರಿಗೂ ಅಲ್ಲಿ ಎಡೆಯಿರಲಿ. ಐದು ಸಲ ಕಟಕಟೆಯೇರಿದ ಆ ವೈದ್ಯನ ಗೌರವ ಮಕ್ಕಳ ಕಣ್ಣಿನಲ್ಲಿ ಕುಂದಲಿಲ್ಲವೆಂಬುದನ್ನು ನಾವು ನೆನಪಿನಲ್ಲಿಟ್ಟರೆ, ಆ ಒಂದು ಗಂಟೆಯನ್ನು ಕೊಡುವುದು ಅಷ್ಟು ಕಷ್ಟವಾಗಲಾರದು.