ಘನತ್ಯಾಜ್ಯ ಘಟಕಗಳ ಅನುಮತಿ ಮತ್ತು ನವೀಕರಣ: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ

ಬೆಂಗಳೂರು ನಗರದ ತ್ಯಾಜ್ಯಕ್ಕಾಗಿ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ ಮತ್ತು ಚಿಗರೇನಹಳ್ಳಿಗಳಲ್ಲಿ ಸ್ಥಾಪಿಸಲಾದ ಘಟಕಗಳ ವಿರುದ್ಧ ಸುತ್ತಲಿನ ಗ್ರಾಮಸ್ಥರು ಹೋರಾಟ ನಡೆಸಿದುದು ಸದಸ್ಯರಿಗೆ ತಿಳಿದ ವಿಷಯ. ಇಂತಹ ಘಟಕಗಳಿಗೆ ದೊರೆಯುವ ಅಧಿಕಾರಪತ್ರವು ಶಾಶ್ವತವಲ್ಲ ಎಂಬುದನ್ನು ಗಮನಿಸತಕ್ಕದ್ದು.

2026ರ ಮಾರ್ಚ್ ಅಂತ್ಯದವರೆಗೆ ಜಾರಿಯಲ್ಲಿದ್ದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016ರನ್ವಯ ದಿನಕ್ಕೆ 5 ಮೆಟ್ರಿಕ್ ಟನ್ ಮೀರಿದ ಸಂಸ್ಕರಣಾ ಅಥವಾ ವಿಲೇವಾರಿ ಘಟಕಕ್ಕೆ ನಮೂನೆ-1ರಲ್ಲಿ ಅರ್ಜಿ ಸಲ್ಲಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರಪತ್ರ ಪಡೆಯಬೇಕಿತ್ತು. ಅವಧಿ ಮುಗಿಯುವ ಕನಿಷ್ಠ 60 ದಿನ ಮೊದಲು ನವೀಕರಣದ ಅರ್ಜಿ ಸಲ್ಲಿಕೆಯಾಗಬೇಕಿತ್ತು. ಷರತ್ತು ಉಲ್ಲಂಘನೆಯಾದಲ್ಲಿ ನೋಟಿಸು ನೀಡಿ, ಅಧಿಕಾರಪತ್ರವನ್ನು ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರ ಆ ನಿಯಮಗಳಡಿ ಮಂಡಳಿಗಿತ್ತು. ಪಂಚಾಯತಿಯ ಸ್ವಂತ ಘಟಕವು 5 ಟನ್ ಮಿತಿಯೊಳಗಿದ್ದರೆ ಈ ಅಧಿಕಾರಪತ್ರ ಬೇಕಿರಲಿಲ್ಲ; ಆದರೆ ಸ್ವಚ್ಛತೆಯ ಹೊಣೆ ತಪ್ಪದು.

ಆದುದರಿಂದ ತಮ್ಮ ವ್ಯಾಪ್ತಿಯಲ್ಲಿ ದೊಡ್ಡ ಘಟಕವಿದ್ದಲ್ಲಿ ಅಧಿಕಾರಪತ್ರದ ಪ್ರತಿಯನ್ನು ಪಡೆದು ಕಡತದಲ್ಲಿರಿಸಿ, ಮುಕ್ತಾಯದ ದಿನಾಂಕವನ್ನು ಗುರುತಿಸಿಕೊಳ್ಳುವುದು. ದುರ್ವಾಸನೆ, ನೊಣಗಳ ಹಾವಳಿ, ಕೆರೆ ಅಥವಾ ಕೊಳವೆಬಾವಿಗೆ ತ್ಯಾಜ್ಯದ್ರವ ಸೇರುವಿಕೆ ಕಂಡುಬಂದಲ್ಲಿ ಸ್ಥಳ, ದಿನಾಂಕ ಮತ್ತು ಛಾಯಾಚಿತ್ರ ಸಹಿತ ದಾಖಲಿಸಿ, ಗ್ರಾಮಸಭೆಯ ನಿರ್ಣಯದೊಂದಿಗೆ ಮಂಡಳಿಗೆ ಕಳುಹಿಸುವುದು. ನವೀಕರಣವಾದ ಮೇಲೆ ಸಲ್ಲಿಸುವ ದೂರಿಗಿಂತ, ಅದಕ್ಕೆ ಮುನ್ನವೇ ಮಂಡಳಿಯನ್ನು ತಲುಪಿದ ದಾಖಲೆಗೆ ಬೆಲೆ ಹೆಚ್ಚು.